ನಮ್ಮೊಳಗಿನ ನಾಲ್ಕು ನೇಯ್ಗೆಗಳು

ಶಾಲೆಯ ಮೈದಾನದಲ್ಲಿ ಬಿದ್ದು ಮೊಣಕಾಲು ತರಚಿಕೊಂಡ ಹುಡುಗನಿಗೆ ಒಂದು ವಾರದಲ್ಲಿ ಹಕ್ಕಳೆ ಕಟ್ಟಿ, ಉದುರಿ, ಅಡಿಯಲ್ಲಿ ಹೊಸ ಚರ್ಮ ಬಂದಿರುತ್ತದೆ. ಅದೇ ಹುಡುಗ ಮಾವಿನ ಮರದಿಂದ ಬಿದ್ದು ಕೈ ಮುರಿದುಕೊಂಡರೆ ಪ್ಲಾಸ್ಟರ್ ಹಾಕಿ ನಾಲ್ಕಾರು ವಾರ ಕಾಯಬೇಕು. ಆದರೂ ಮೂಳೆ ಕೂಡಿಕೊಳ್ಳುತ್ತದೆ, ಮೊದಲಿನಂತೆಯೇ ಗಟ್ಟಿಯಾಗುತ್ತದೆ. ಕಬಡ್ಡಿ ಆಡುವಾಗ ಮೊಣಕಾಲು ತಿರುಚಿ ಒಳಗಿನ ಮೆಲ್ಲೆಲುಬು ಹರಿಯಿತೆನ್ನಿ, ತಿಂಗಳುಗಳು ಕಳೆದರೂ ನೋವು ಬಿಡುವುದಿಲ್ಲ. ಇನ್ನು ಅವನ ತಾತನಿಗೆ ಹೃದಯಾಘಾತವಾಗಿ ಹೃದಯದ ಒಂದು ಭಾಗ ಸತ್ತುಹೋದರೆ ಆ ಜಾಗದಲ್ಲಿ ಉಳಿಯುವುದು ಬರಿಯ ಕಲೆ ಮಾತ್ರ. ಅದು ಮತ್ತೆಂದೂ ಮಿಡಿಯುವುದಿಲ್ಲ.

ದೇಹ ಒಂದೇ. ಹರಿಯುವ ರಕ್ತ ಒಂದೇ. ಉಣ್ಣುವ ಅನ್ನವೂ ಒಂದೇ. ಆದರೂ ಒಂದು ಗಾಯ ವಾರದಲ್ಲಿ ಮಾಯುತ್ತದೆ, ಇನ್ನೊಂದು ಜನ್ಮವಿಡೀ ಉಳಿಯುತ್ತದೆ. ಏಕೆ ಈ ಭೇದ?

ಉತ್ತರ ಇರುವುದು ಒಂಬತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಒಂದು ಪಾಠದಲ್ಲಿ. ಅದರ ಹೆಸರು ‘ಅಂಗಾಂಶಗಳು’. ಚಿತ್ರ ಬರೆದು ಭಾಗಗಳನ್ನು ಗುರುತಿಸಿ, ನಾಲ್ಕು ಅಂಕ ಗಳಿಸಿ, ಪರೀಕ್ಷೆ ಮುಗಿದ ಮೇಲೆ ಬಹುಪಾಲು ವಿದ್ಯಾರ್ಥಿಗಳು ಮರೆತುಬಿಡುವ ಪಾಠ ಅದು. ಆದರೆ ಗಾಯಕ್ಕೆ ಏನು ಹಚ್ಚಬೇಕು, ಎದೆನೋವಿಗೆ ಎಷ್ಟು ಬೇಗ ಓಡಬೇಕು, ಗುಟ್ಕಾವನ್ನು ಏಕೆ ಮುಟ್ಟಬಾರದು ಎಂಬ ಮನೆಮಂದಿಯ ಪ್ರಶ್ನೆಗಳಿಗೆಲ್ಲ ಬೇರು ಅಲ್ಲಿಯೇ ಇದೆ.

ಹೆಸರಿನ ಹಿಂದೆ ಮಗ್ಗ

ಮನುಷ್ಯನ ದೇಹದಲ್ಲಿ ಸುಮಾರು 30ರಿಂದ 37 ಲಕ್ಷ ಕೋಟಿ ಜೀವಕೋಶಗಳಿವೆ ಎಂಬುದು ಇಂದಿನ ಅಂದಾಜು. ಇವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಬಗೆ. ಆದರೆ ಇವು ಸಂತೆಯ ಜನರಂತೆ ಎಲ್ಲೆಂದರಲ್ಲಿ ಬೆರೆತು ನಿಂತಿಲ್ಲ. ಒಂದೇ ಬಗೆಯ ಕೆಲಸ ಮಾಡುವ ಜೀವಕೋಶಗಳು, ತಮ್ಮ ನಡುವಿನ ಎಳೆ ಮತ್ತು ಅಂಟಿನೊಂದಿಗೆ ಒಟ್ಟಾಗಿ ನಿಂತು ಒಂದು ವಸ್ತುವಾಗುತ್ತವೆ. ಅದೇ ಅಂಗಾಂಶ. ಹಲವು ಅಂಗಾಂಶಗಳು ಸೇರಿದರೆ ಹೃದಯ, ಜಠರ, ಕಣ್ಣು ಮುಂತಾದ ಅಂಗ. ಅಂಗದ ಅಂಶವಾದ್ದರಿಂದ ನಾವು ಕನ್ನಡದಲ್ಲಿ ಅದನ್ನು ಅಂಗಾಂಶ ಎಂದೆವು. ವೈದ್ಯರು ಬಳಸುವ ‘ಟಿಶ್ಯೂ’ ಎಂಬ ಮಾತಿನ ಮೂಲ ಬೇರೆ. ಫ್ರೆಂಚ್ ಭಾಷೆಯಲ್ಲಿ ಅದರ ಅರ್ಥ ನೇಯ್ದ ಬಟ್ಟೆ.

ದೇಹದ ಒಳಗನ್ನು ಬಟ್ಟೆಯಂತೆ ನೋಡುವುದನ್ನು ಕಲಿಸಿದವನು ಫ್ರಾನ್ಸಿನ ವೈದ್ಯ ಕ್ಸೇವಿಯರ್ ಬಿಷಾ. 1771ರಲ್ಲಿ ಹುಟ್ಟಿದ ಈತ ಪ್ಯಾರಿಸ್ಸಿನಲ್ಲಿ ನೂರಾರು ಶವಗಳನ್ನು ಕೊಯ್ದು ನೋಡಿದ. ಸೂಕ್ಷ್ಮದರ್ಶಕದ ಮೇಲೆ ಅವನಿಗೆ ನಂಬಿಕೆ ಇರಲಿಲ್ಲ. ಆ ಕಾಲದ ಮಸೂರಗಳು ಬಿಂಬವನ್ನು ಕಲಸಿಬಿಡುತ್ತಿದ್ದವು. ಆದ್ದರಿಂದ ಅವನು ಅಂಗಗಳ ಪದರಗಳನ್ನು ಬೇಯಿಸಿದ, ಒಣಗಿಸಿದ, ನೀರಲ್ಲಿ ಕೊಳೆಸಿದ, ಆಮ್ಲದಲ್ಲಿ ನೆನೆಸಿದ. ಯಾವುದು ಕರಗುತ್ತದೆ, ಯಾವುದು ಸುಕ್ಕಾಗುತ್ತದೆ, ಯಾವುದು ಜಗ್ಗುವುದಿಲ್ಲ ಎಂದು ಗಮನಿಸಿ 21 ಬಗೆಯ ಅಂಗಾಂಶಗಳ ಪಟ್ಟಿ ಮಾಡಿದ. 1802ರಲ್ಲಿ ಸಾಯುವಾಗ ಅವನಿಗಿನ್ನೂ ಮೂವತ್ತೇ ವರ್ಷ.

ಆ ಪಟ್ಟಿಗಿಂತ ಮುಖ್ಯವಾದದ್ದು ಅವನು ಕಂಡುಕೊಂಡ ಸತ್ಯ. ರೋಗ ಬರುವುದು ಇಡೀ ಅಂಗಕ್ಕಲ್ಲ, ಅಂಗದೊಳಗಿನ ಒಂದು ಅಂಗಾಂಶಕ್ಕೆ ಎಂದು ಅವನು ಹೇಳಿದ. ಹೃದಯದ ಮೇಲಿನ ತೆಳು ಪೊರೆಗೂ ಶ್ವಾಸಕೋಶದ ಮೇಲಿನ ತೆಳು ಪೊರೆಗೂ ಬರುವ ಬೇನೆ ಒಂದೇ ರೀತಿಯದು. ಅಂಗ ಬೇರೆಯಾದರೂ ಬಟ್ಟೆ ಒಂದೇ ತಾನೆ? ಇಂದಿಗೂ ಗಡ್ಡೆ ಕಂಡರೆ ವೈದ್ಯರು ಅದರ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸುವುದು ಇದೇ ಕಾರಣಕ್ಕೆ. ಯಾವ ಅಂಗದ್ದು ಎಂಬುದರ ಜೊತೆಗೆ ಯಾವ ಅಂಗಾಂಶದ್ದು ಎಂದು ತಿಳಿದರೇ ಚಿಕಿತ್ಸೆ.

ಮುಂದೆ ಒಳ್ಳೆಯ ಸೂಕ್ಷ್ಮದರ್ಶಕಗಳು ಬಂದ ಮೇಲೆ ಬಿಷಾನ 21 ಬಗೆಗಳು ನಾಲ್ಕು ದೊಡ್ಡ ಗುಂಪುಗಳಲ್ಲಿ ಅಡಗಿದವು. ಹೊದಿಸುವುದು, ಹಿಡಿದಿಡುವುದು, ಚಲಿಸುವುದು, ಸುದ್ದಿ ಮುಟ್ಟಿಸುವುದು. ನಮ್ಮ ಇಡೀ ದೇಹ ಈ ನಾಲ್ಕೇ ನೇಯ್ಗೆಗಳ ಕುಸುರಿ.

ಮೊದಲನೆಯದು: ಹೊದಿಕೆ

ದೇಹದ ಹೊರಮೈ ಮತ್ತು ಒಳಗಿನ ಎಲ್ಲ ಕೊಳವೆ, ಚೀಲಗಳ ಒಳಮೈಯನ್ನು ಮುಚ್ಚಿರುವುದು ಹೊದಿಕೆ ಅಂಗಾಂಶ. ಪಠ್ಯಪುಸ್ತಕದಲ್ಲಿ ಇದರ ಹೆಸರು ಅನುಲೇಪಕ ಅಂಗಾಂಶ. ಇಲ್ಲಿ ಜೀವಕೋಶಗಳು ನೆಲಕ್ಕೆ ಹಾಸಿದ ಕಲ್ಲಿನಂತೆ ಒತ್ತೊತ್ತಾಗಿ, ನಡುವೆ ಸಂದಿಲ್ಲದೆ ಜೋಡಿಸಿಕೊಂಡಿರುತ್ತವೆ.

ಹೊದಿಕೆ ಎಲ್ಲಿ ಏನು ಮಾಡಬೇಕೋ ಹಾಗೆ ಅದರ ರೂಪ. ಅಂಗಾಲಿನಲ್ಲಿ ಅದು ಪದರದ ಮೇಲೆ ಪದರ. ಬರಿಗಾಲಲ್ಲಿ ನಡೆದರೂ ಸವೆಯದಿರಲಿ ಎಂದು. ಶ್ವಾಸಕೋಶದ ಗಾಳಿಗೂಡಿನಲ್ಲಿ ಅದು ಒಂದೇ ಪದರ, ಅತಿ ತೆಳು. ಆಮ್ಲಜನಕ ರಕ್ತಕ್ಕೆ ಸುಲಭವಾಗಿ ದಾಟಲಿ ಎಂದು. ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಅಲ್ಲಿ ಮಿಲಿಮೀಟರಿನ ಸಾವಿರದ ಒಂದು ಭಾಗದಷ್ಟೂ ಇಲ್ಲ. ಸಣ್ಣ ಕರುಳಿನಲ್ಲಿ ಅದೇ ಹೊದಿಕೆ ಸಾವಿರಾರು ಮಡಿಕೆಗಳಾಗಿ, ಬೆರಳಿನಂಥ ಚಾಚುಗಳಾಗಿ ನಿಂತು ಆಹಾರವನ್ನು ಹೀರುತ್ತದೆ. ಈ ಮಡಿಕೆಗಳನ್ನೆಲ್ಲ ಬಿಡಿಸಿ ಹಾಸಿದರೆ ಟೆನಿಸ್ ಅಂಗಳದಷ್ಟಾಗುತ್ತದೆ ಎಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಮತ್ತೆ ಅಳೆದಾಗ ಇಡೀ ಜೀರ್ಣನಾಳದ ಒಳಮೈ ಸುಮಾರು 32 ಚದರ ಮೀಟರ್ ಎಂದು ಗೊತ್ತಾಯಿತು. ಟೆನಿಸ್ ಅಂಗಳವಲ್ಲ, ಬ್ಯಾಡ್ಮಿಂಟನ್ ಅಂಗಳದ ಅರ್ಧಕ್ಕಿಂತಲೂ ಕಡಿಮೆ. ಆದರೂ ಒಂದು ಹೊಟ್ಟೆಯೊಳಗೆ ಅಷ್ಟು ಜಾಗ ಎಂದರೆ ಸಣ್ಣ ಮಾತೆ?

ಹೊದಿಕೆಯ ದೊಡ್ಡ ಗುಣವೆಂದರೆ ಅದು ಸದಾ ಹೊಸದಾಗುತ್ತಿರುತ್ತದೆ. ಕರುಳಿನ ಹೊದಿಕೆ ಮೂರರಿಂದ ಐದು ದಿನಕ್ಕೊಮ್ಮೆ ಬದಲಾಗುತ್ತದೆ. ಚರ್ಮದ ಮೇಲ್ಪದರಕ್ಕೆ ಸುಮಾರು ಒಂದು ತಿಂಗಳು. ತರಚಿದ ಮೊಣಕಾಲು ಬೇಗ ಮಾಯುವ ಗುಟ್ಟು ಇದೇ. ಇದರಲ್ಲಿ ರಕ್ತನಾಳಗಳಿಲ್ಲ, ಅಡಿಯ ಅಂಗಾಂಶದಿಂದ ಒಸರುವ ಪೋಷಣೆಯೇ ಅದಕ್ಕೆ ಆಹಾರ. ಚರ್ಮ ಮೇಲೆ ಮೇಲೆ ಗೀಚಿದರೆ ರಕ್ತ ಬಾರದಿರುವುದನ್ನು ನೀವೂ ನೋಡಿರುತ್ತೀರಿ.

ಸುಟ್ಟ ಗಾಯದ ವಿಷಯದಲ್ಲಿ ಇದನ್ನು ಮನೆಯವರು ತಿಳಿದಿರಬೇಕು. ಹೊಸ ಚರ್ಮಕ್ಕೆ ಬೀಜದಂತಿರುವ ಜೀವಕೋಶಗಳು ಮೇಲ್ಪದರದ ತಳದಲ್ಲೂ, ಆಳದಲ್ಲಿರುವ ಕೂದಲಿನ ಬುಡದಲ್ಲೂ ಇರುತ್ತವೆ. ಮೇಲ್ಪದರ ಸುಟ್ಟರೂ ಕೂದಲಿನ ಬುಡಗಳು ಉಳಿದಿದ್ದರೆ ಅಲ್ಲಿಂದ ಹೊಸ ಚರ್ಮ ಹಬ್ಬುತ್ತದೆ. ಅವೂ ಸುಟ್ಟುಹೋದರೆ ದೊಡ್ಡ ಗಾಯ ತಾನಾಗಿ ಮುಚ್ಚಲಾರದು. ಬೇರೆ ಕಡೆಯ ಚರ್ಮ ತಂದು ಕಸಿ ಮಾಡಬೇಕು. ಆದ್ದರಿಂದಲೇ ಬಿಸಿನೀರು, ಬಿಸಿ ಎಣ್ಣೆ ಬಿದ್ದ ಕೂಡಲೇ ನಲ್ಲಿಯ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಸಬೇಕು. ಶಾಖ ಆಳಕ್ಕಿಳಿದು ಆ ಬೀಜಗಳನ್ನು ಸುಡದಂತೆ ತಡೆಯುವ ಉಪಾಯ ಅದು. ಟೂತ್‌ಪೇಸ್ಟ್, ಇಂಕು, ಅರಿಶಿನ, ಐಸ್ ಯಾವುದೂ ಬೇಡ.

ಸದಾ ಹೊಸದಾಗುವ ಗುಣಕ್ಕೆ ಇನ್ನೊಂದು ಮುಖವೂ ಇದೆ. ಎಷ್ಟು ಹೆಚ್ಚು ಸಾರಿ ಜೀವಕೋಶ ಇಬ್ಭಾಗವಾಗುತ್ತದೋ, ತಪ್ಪಾಗುವ ಅವಕಾಶವೂ ಅಷ್ಟು ಹೆಚ್ಚು. ಜೊತೆಗೆ ಹೊರಗಿನ ಹೊಗೆ, ವಿಷ ಎಲ್ಲವನ್ನೂ ಮೊದಲು ಎದುರಿಸುವುದೂ ಹೊದಿಕೆಯೇ. ಹೀಗಾಗಿ ವಯಸ್ಕರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಶೇಕಡಾ 80ಕ್ಕೂ ಹೆಚ್ಚು ಹುಟ್ಟುವುದು ಹೊದಿಕೆ ಅಂಗಾಂಶದಲ್ಲಿ. ನಮ್ಮ ಶ್ವಾಸನಾಳದ ಹೊದಿಕೆಯ ಮೇಲೆ ಕಣ್ಣಿಗೆ ಕಾಣದ ಕೂದಲುಗಳಿವೆ. ಗದ್ದೆಯ ಪೈರಿನಂತೆ ಅಲೆಯಾಡುತ್ತ ದೂಳು, ಕಫವನ್ನು ಅವು ಗಂಟಲ ಕಡೆಗೆ ತಳ್ಳುತ್ತವೆ. ಬೀಡಿ, ಸಿಗರೇಟಿನ ಹೊಗೆ ಮೊದಲು ಈ ಕೂದಲುಗಳನ್ನು ಸೋಲಿಸುತ್ತದೆ. ವರ್ಷಗಟ್ಟಲೆ ಸೇದಿದರೆ ಕೂದಲಿನ ಹೊದಿಕೆಯೇ ಮಾಯವಾಗಿ ಆ ಜಾಗದಲ್ಲಿ ಚಪ್ಪಟೆ ಜೀವಕೋಶಗಳ ಒರಟು ಹೊದಿಕೆ ಬೆಳೆಯುತ್ತದೆ. ಕ್ಯಾನ್ಸರಿನ ದಾರಿಯಲ್ಲಿ ಅದು ಮೊದಲ ಮೆಟ್ಟಿಲಾಗಬಹುದು.

ಎರಡನೆಯದು: ಹಿಡಿದಿಡುವ ಅಂಟು

ಎರಡನೆಯದು ಸಂಯೋಜಕ ಅಂಗಾಂಶ. ಇದರ ಕುಟುಂಬ ಬಹಳ ದೊಡ್ಡದು. ಮೂಳೆ, ಮೆಲ್ಲೆಲುಬು, ಮಾಂಸವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮೂಳೆಯನ್ನು ಮೂಳೆಗೆ ಕಟ್ಟುವ ಅಸ್ಥಿರಜ್ಜು, ಚರ್ಮದಡಿಯ ಕೊಬ್ಬು, ಕೊನೆಗೆ ರಕ್ತವೂ ಇದರಲ್ಲೇ ಸೇರುತ್ತದೆ. ಕಲ್ಲಿನಂಥ ಮೂಳೆಗೂ ನೀರಿನಂಥ ರಕ್ತಕ್ಕೂ ಏನು ಸಂಬಂಧ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಂಬಂಧ ಇರುವುದು ರಚನೆಯಲ್ಲಿ. ಹೊದಿಕೆಯಲ್ಲಿ ಜೀವಕೋಶಗಳೇ ಎಲ್ಲ. ಇಲ್ಲಿ ಹಾಗಲ್ಲ, ಜೀವಕೋಶಗಳು ದೂರ ದೂರ, ನಡುವಿನ ವಸ್ತುವೇ ಹೆಚ್ಚು. ಆ ನಡುವಿನ ವಸ್ತು ಗಟ್ಟಿಯಾದರೆ ಮೂಳೆ, ರಬ್ಬರಿನಂತಾದರೆ ಮೆಲ್ಲೆಲುಬು, ದ್ರವವಾದರೆ ರಕ್ತ.

ರಕ್ತವನ್ನು ಬಿಟ್ಟು ಉಳಿದ ಹೆಚ್ಚಿನ ಸಂಯೋಜಕ ಅಂಗಾಂಶಗಳಿಗೆ ಬಲ ಕೊಡುವುದು ಕೊಲಾಜೆನ್ ಎಂಬ ಪ್ರೋಟೀನಿನ ಎಳೆ. ನಮ್ಮ ದೇಹದ ಪ್ರೋಟೀನಿನಲ್ಲಿ ಹೆಚ್ಚುಕಡಿಮೆ ನಾಲ್ಕನೆಯ ಒಂದು ಭಾಗಕ್ಕೂ ಮಿಗಿಲು ಇದೇ. ಇದರ ರಚನೆಯ ಗುಟ್ಟನ್ನು ಬಿಡಿಸಿದವರು ನಮ್ಮ ದೇಶದವರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಮದರಾಸು ವಿಶ್ವವಿದ್ಯಾಲಯಕ್ಕೆ ಹೋಗಿ, ಗೋಪೀನಾಥ್ ಕರ್ತಾ ಅವರ ಜೊತೆಗೂಡಿ 1954ರಲ್ಲಿ ಕೊಲಾಜೆನ್ನಿನ ರಚನೆಯನ್ನು ಪ್ರಕಟಿಸಿದರು. ಮೂರು ಎಳೆಗಳು ಒಂದಕ್ಕೊಂದು ಸುತ್ತಿಕೊಂಡ ಹುರಿ ಅದು. ನಮ್ಮ ಹಳ್ಳಿಗಳಲ್ಲಿ ಹಗ್ಗ ಹೊಸೆಯುವವರೂ ಮೂರು ಎಳೆ ಸೇರಿಸಿಯೇ ಹುರಿ ಮಾಡುವುದಲ್ಲವೆ? ರಾಮಚಂದ್ರನ್ ಮುಂದೆ ಮತ್ತೆ ಬೆಂಗಳೂರಿಗೆ ಬಂದು ವಿಜ್ಞಾನ ಮಂದಿರದಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು.

ಈ ಹುರಿ ಬಿಗಿಯಾಗಿರಲು ಸಿ ಜೀವಸತ್ವ ಬೇಕೇ ಬೇಕು. 1740ರ ದಶಕದಲ್ಲಿ ಬ್ರಿಟನ್ನಿನ ಆನ್ಸನ್ ಎಂಬ ನೌಕಾಧಿಕಾರಿ ಲೋಕ ಸುತ್ತಲು ಹೊರಟಾಗ ಹಡಗಿನಲ್ಲಿ ಸ್ಕರ್ವಿ ರೋಗ ಬಡಿಯಿತು. ಸುಮಾರು 50 ವರ್ಷಗಳ ಹಿಂದೆ ಯುದ್ಧದಲ್ಲಿ ಆಗಿ ಪೂರ್ತಿ ಮಾಯ್ದಿದ್ದ ಒಬ್ಬ ನಾವಿಕನ ಗಾಯಗಳು ಮತ್ತೆ ಬಾಯ್ದೆರೆದುವಂತೆ. ಎಂದೋ ಕೂಡಿದ್ದ ಅವನ ಮೂಳೆ ಮತ್ತೆ ಬಿಟ್ಟುಕೊಂಡಿತಂತೆ. ಮಾಯ್ದ ಗಾಯವನ್ನೂ ದೇಹ ದಿನದಿನವೂ ರಿಪೇರಿ ಮಾಡುತ್ತಲೇ ಇರುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ 12 ಮಂದಿ ರೋಗಿಗಳನ್ನು ಇಬ್ಬಿಬ್ಬರಂತೆ ಬೇರ್ಪಡಿಸಿ ಬೇರೆ ಬೇರೆ ಪದಾರ್ಥ ಕೊಟ್ಟ. ಕಿತ್ತಳೆ, ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ನಮ್ಮ ಮನೆಗಳಲ್ಲಿ ಇದಕ್ಕಾಗಿ ಮಾತ್ರೆ ಹುಡುಕಬೇಕಾಗಿಲ್ಲ. ನೆಲ್ಲಿಕಾಯಿ, ಸೀಬೆ, ನಿಂಬೆ ಸಾಕು.

ಮೂಳೆಯಲ್ಲಿ ರಕ್ತನಾಳಗಳು ಧಾರಾಳ. ಮುರಿದರೂ ಕೂಡುವುದು ಅದಕ್ಕೇ. ಮೆಲ್ಲೆಲುಬಿಗೆ ತನ್ನದೇ ರಕ್ತನಾಳಗಳಿಲ್ಲ. ರಿಪೇರಿಯ ಸಾಮಾನು ಅಲ್ಲಿಗೆ ತಲುಪುವುದೇ ಕಷ್ಟ. ಇನ್ನು ರಕ್ತವೋ, ದೇಹದಲ್ಲಿ ಅತಿ ಬೇಗ ತುಂಬಿಕೊಳ್ಳುವ ಅಂಗಾಂಶಗಳಲ್ಲಿ ಒಂದು. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಮೂಳೆಯೊಳಗಿನ ಮಜ್ಜೆ ಪ್ರತಿ ಸೆಕೆಂಡಿಗೆ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಹೊಸ ಕೆಂಪು ಕಣಗಳನ್ನು ತಯಾರಿಸಿ ಬಿಡುತ್ತದೆ. ಆರೋಗ್ಯವಂತರು ರಕ್ತದಾನ ಮಾಡಲು ಅಂಜಬೇಕಾಗಿಲ್ಲ ಎನ್ನುವುದು ಈ ಲೆಕ್ಕದಿಂದಲೇ.

ಇದೇ ಅಂಗಾಂಶದ ಬಗ್ಗೆ ನಮ್ಮ ನಾಡಿನ ತಂದೆತಾಯಿಯರು ತಿಳಿಯಬೇಕಾದ ಕಹಿ ಮಾತೂ ಒಂದಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಅಡಿಕೆ ಹಾಕಿದ ಗುಟ್ಕಾ, ಪಾನ್ ಮಸಾಲೆಗಳನ್ನು ಎಳೆಯರು ದಿನವೂ ಜಗಿಯತೊಡಗಿದರೆ ಕೆನ್ನೆಯ ಒಳಹೊದಿಕೆಯ ಅಡಿಯಲ್ಲಿ ಕೊಲಾಜೆನ್ ಎಳೆಗಳು ಬೇಕಿಲ್ಲದೆ ಕೂಡಿಕೊಳ್ಳುತ್ತ ಹೋಗುತ್ತವೆ. ಮೆತ್ತಗಿದ್ದ ಕೆನ್ನೆ ಪಟ್ಟಿಯಂತೆ ಬಿಗಿಯುತ್ತದೆ. ಖಾರ ತಿಂದರೆ ಉರಿ. ಕೊನೆಗೆ ಬಾಯಿ ತೆರೆಯುವುದೇ ಕಷ್ಟ. ಇಂಥ ಬಾಯಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯ ಬಹಳ. ತಂಬಾಕು ಬೆರೆಸದ ಅಡಿಕೆ ಕೂಡ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೇಳಿದೆ. ತನ್ನದೇ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದು ಬರುವಂತೆ ನಿಲ್ಲಿಸಿ ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಇಡಲು ಸಾಧ್ಯವಾಗದಿದ್ದರೆ ದಂತವೈದ್ಯರಿಗೆ ತೋರಿಸಲು ತಡಮಾಡಬಾರದು.

ಮೂರನೆಯದು: ಚಲನೆ

ಜೀವಕೋಶಗಳು ಉದ್ದನೆಯ ನಾರುಗಳಾಗಿ, ಸಂಕುಚಿಸುವುದನ್ನೇ ಕಸುಬು ಮಾಡಿಕೊಂಡರೆ ಅದು ಸ್ನಾಯು ಅಂಗಾಂಶ. ಇದರಲ್ಲಿ ಮೂರು ಬಗೆ. ಮೂಳೆಗಳಿಗೆ ಅಂಟಿಕೊಂಡು ನಮ್ಮ ಇಚ್ಛೆಯಂತೆ ಕೆಲಸ ಮಾಡುವ ಅಸ್ಥಿಸ್ನಾಯು ಮೊದಲನೆಯದು. ಇಂಥ ಸ್ನಾಯುಗಳು ಆರುನೂರಕ್ಕೂ ಹೆಚ್ಚಿವೆ. ದೇಹದ ತೂಕದಲ್ಲಿ ಹೆಚ್ಚುಕಡಿಮೆ ಶೇಕಡಾ 40 ಇವುಗಳದೇ. ಜಠರ, ಕರುಳು, ರಕ್ತನಾಳಗಳ ಗೋಡೆಯಲ್ಲಿ ನಮ್ಮ ಅಪ್ಪಣೆಗೆ ಕಾಯದೆ ನಿಧಾನವಾಗಿ ಕೆಲಸ ಮಾಡುವ ನಯಸ್ನಾಯು ಎರಡನೆಯದು. ನುಂಗಿದ ತುತ್ತು ಶೀರ್ಷಾಸನ ಹಾಕಿದರೂ ಜಠರ ತಲುಪುವುದು ಇದರಿಂದ. ಮೂರನೆಯದು ಹೃದಯಸ್ನಾಯು. ದಿನಕ್ಕೆ ಸುಮಾರು ಒಂದು ಲಕ್ಷ ಸಾರಿ ಮಿಡಿಯುವ ಇದಕ್ಕೆ ಭಾನುವಾರವೂ ಇಲ್ಲ, ಬೇಸಿಗೆ ರಜೆಯೂ ಇಲ್ಲ.

ಅಸ್ಥಿಸ್ನಾಯುವಿಗೆ ಪೆಟ್ಟಾದರೆ ಅದರ ಬದಿಯಲ್ಲಿ ಕಾದಿರುವ ವಿಶೇಷ ಜೀವಕೋಶಗಳು ಎಚ್ಚೆತ್ತು ಸರಿಪಡಿಸುತ್ತವೆ. ಹೃದಯದಲ್ಲಿ ಅಂಥ ಸೇನೆ ಇಲ್ಲ. ಹಾಗಾದರೆ ಹುಟ್ಟುವಾಗ ಇದ್ದ ಹೃದಯದ ಜೀವಕೋಶಗಳೇ ಕೊನೆತನಕವೊ? ಈ ಪ್ರಶ್ನೆಗೆ ಉತ್ತರ ಸಿಕ್ಕ ಬಗೆ ವಿಚಿತ್ರವಾಗಿದೆ. 1950 ಮತ್ತು 60ರ ದಶಕಗಳಲ್ಲಿ ದೊಡ್ಡ ದೇಶಗಳು ಬಯಲಲ್ಲಿ ಅಣುಬಾಂಬು ಸ್ಫೋಟಿಸಿದಾಗ ಗಾಳಿಯಲ್ಲಿ ವಿಕಿರಣಶೀಲ ಇಂಗಾಲ-14 ಏರಿತು. 1963ರ ಒಪ್ಪಂದದ ನಂತರ ಅದು ಮೆಲ್ಲಗೆ ಇಳಿಯಿತು. ಗಿಡಗಳ ಮೂಲಕ, ಅನ್ನದ ಮೂಲಕ ಆ ಇಂಗಾಲ ಎಲ್ಲರ ದೇಹವನ್ನೂ ಸೇರಿತು. ಜೀವಕೋಶ ಹುಟ್ಟಿದ ವರ್ಷ ಗಾಳಿಯಲ್ಲಿ ಎಷ್ಟಿತ್ತೋ ಅಷ್ಟು ಅದರ ಡಿಎನ್‌ಎಯಲ್ಲಿ ಮುದ್ರೆಯಾಯಿತು. 2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಈ ಮುದ್ರೆಯನ್ನು ಓದಿ ಹೃದಯಸ್ನಾಯುವಿನ ವಯಸ್ಸು ಹೇಳಿದರು. 25ರ ಪ್ರಾಯದಲ್ಲಿ ವರ್ಷಕ್ಕೆ ಶೇಕಡಾ ಒಂದರಷ್ಟು ಜೀವಕೋಶಗಳು ಮಾತ್ರ ಹೊಸದಾಗುತ್ತವೆ. 75ರ ಹೊತ್ತಿಗೆ ಅದು ಅರ್ಧಕ್ಕಿಳಿಯುತ್ತದೆ. ಇಡೀ ಬಾಳಿನಲ್ಲಿ ಅರ್ಧದಷ್ಟೂ ಬದಲಾಗುವುದಿಲ್ಲ.

ಹೃದಯಾಘಾತದ ಗಾಯ ಏಕೆ ತುಂಬುವುದಿಲ್ಲ ಎಂಬುದಕ್ಕೆ ಇದೇ ಉತ್ತರ. ರಕ್ತ ನಿಂತ ಅರ್ಧ ಗಂಟೆಯ ಆಸುಪಾಸಿನಲ್ಲೇ ಸ್ನಾಯು ಸಾಯತೊಡಗುತ್ತದೆ. ಗಂಟೆ ಕಳೆದಂತೆ ಸತ್ತ ಭಾಗ ಹರಡುತ್ತದೆ. ಸತ್ತ ಸ್ನಾಯುವಿನ ಜಾಗವನ್ನು ಕೊಲಾಜೆನ್ ತುಂಬುತ್ತದೆ. ಅದು ಹಿಡಿದಿಡಬಲ್ಲದು, ಮಿಡಿಯಲಾರದು. ಎದೆಯಲ್ಲಿ ಒತ್ತಿದಂಥ ನೋವು, ಬೆವರು, ಎಡತೋಳಿಗೆ ಅಥವಾ ದವಡೆಗೆ ಹಬ್ಬುವ ಸಂಕಟ ಕಂಡಾಗ ‘ಗ್ಯಾಸ್ ಇರಬೇಕು, ಸೋಡಾ ಕುಡಿದು ಮಲಗು’ ಎನ್ನುವುದು ನಮ್ಮ ಮನೆಗಳ ರೂಢಿ. ಬೆಳಗಿನವರೆಗೆ ಕಾಯುವ ಆ ರೂಢಿಗೆ ತೆರುವ ಬೆಲೆ ಮತ್ತೆ ಬೆಳೆಯದ ಸ್ನಾಯು.

ನಾಲ್ಕನೆಯದು: ಸುದ್ದಿ

ಕಾದ ಹಂಚಿಗೆ ಬೆರಳು ತಗುಲಿತು. ‘ಅಯ್ಯೋ’ ಎನ್ನುವ ಮೊದಲೇ ಕೈ ಹಿಂದೆ ಬಂದಿರುತ್ತದೆ. ಈ ಕ್ಷಣಾರ್ಧದಲ್ಲಿ ನಾಲ್ಕೂ ಅಂಗಾಂಶಗಳು ದುಡಿದಿವೆ. ಸುಟ್ಟದ್ದು ಹೊದಿಕೆ. ಸುದ್ದಿ ಒಯ್ದದ್ದು ನರ. ಕೈ ಎಳೆದದ್ದು ಸ್ನಾಯು. ಆ ಎಳೆತವನ್ನು ಮೂಳೆಗೆ ಮುಟ್ಟಿಸಿದ್ದು ಸಂಯೋಜಕ ಅಂಗಾಂಶವಾದ ಸ್ನಾಯುರಜ್ಜು. ಸುದ್ದಿ ಮಿದುಳಿನವರೆಗೆ ಹೋಗಿ ಅಪ್ಪಣೆ ತರುವಷ್ಟು ಕಾಯದೆ ಬೆನ್ನುಹುರಿಯೇ ತೀರ್ಮಾನ ಕೊಟ್ಟುಬಿಡುತ್ತದೆ. ನೋವಿನ ಅರಿವು ಆಮೇಲೆ.

ನರ ಅಂಗಾಂಶದ ಮುಖ್ಯ ಜೀವಕೋಶ ನ್ಯೂರಾನ್. ಮಿದುಳಿನಲ್ಲಿ ಇವುಗಳ ಸಂಖ್ಯೆ ಸುಮಾರು 8,600 ಕೋಟಿ. ಬೆನ್ನುಹುರಿಯಿಂದ ಕಾಲ್ಬೆರಳಿಗೆ ಹೋಗುವ ಕೆಲವು ನ್ಯೂರಾನುಗಳ ತಂತು ಒಂದು ಮೀಟರಿನಷ್ಟು ಉದ್ದ. ವೇಗದ ನರಗಳಲ್ಲಿ ಸಂದೇಶ ಸೆಕೆಂಡಿಗೆ ನೂರು ಮೀಟರಿಗೂ ಹೆಚ್ಚು ಓಡುತ್ತದೆ. ನ್ಯೂರಾನುಗಳಿಗೆ ಆಹಾರ, ಆಸರೆ, ಹೊದಿಕೆ ಒದಗಿಸಲು ಇನ್ನೊಂದು ಬಗೆಯ ಸಹಾಯಕ ಜೀವಕೋಶಗಳೂ ಅಷ್ಟೇ ದೊಡ್ಡ ಸಂಖ್ಯೆಯಲ್ಲಿವೆ. ದೇಹದ ತೂಕದಲ್ಲಿ ಶೇಕಡಾ ಎರಡರಷ್ಟೇ ಇರುವ ಮಿದುಳು, ವಿಶ್ರಾಂತಿಯಲ್ಲಿರುವಾಗ ದೇಹ ಬಳಸುವ ಶಕ್ತಿಯಲ್ಲಿ ಐದನೆಯ ಒಂದು ಭಾಗ ಕೇಳುತ್ತದೆ. ಪರೀಕ್ಷೆಯ ದಿನ ಮಕ್ಕಳನ್ನು ಬರಿಹೊಟ್ಟೆಯಲ್ಲಿ ಕಳಿಸಬೇಡಿ ಎಂದು ಹಿರಿಯರು ಹೇಳುವುದು ಸುಮ್ಮನಲ್ಲ.

ಕೈಕಾಲುಗಳ ನರ ಕತ್ತರಿಸಿದರೆ, ಶಸ್ತ್ರಚಿಕಿತ್ಸೆಯಿಂದ ತುದಿಗಳನ್ನು ಜೋಡಿಸಿದಾಗ ಅದರ ತಂತು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲದು. ಮೊಣಕೈಯಿಂದ ಬೆರಳ ತುದಿಗೆ 40 ಸೆಂಟಿಮೀಟರ್ ಎಂದುಕೊಳ್ಳಿ. 400 ದಿನ, ಅಂದರೆ ವರ್ಷಕ್ಕೂ ಮಿಗಿಲು ತಾಳ್ಮೆ ಬೇಕು. ಮಿದುಳು, ಬೆನ್ನುಹುರಿಗಳಲ್ಲಿ ಆ ಭಾಗ್ಯವೂ ಇಲ್ಲ. ಅಲ್ಲಿ ಸತ್ತ ನ್ಯೂರಾನಿನ ಜಾಗಕ್ಕೆ ಹೊಸದು ಬರುವುದು ತೀರ ಅಪರೂಪ. ಆದ್ದರಿಂದಲೇ ಪ್ರಕೃತಿ ಈ ಅಂಗಾಂಶವನ್ನು ಮೂಳೆಯ ಡಬ್ಬಿಯಲ್ಲಿಟ್ಟು, ದ್ರವದಲ್ಲಿ ತೇಲಿಸಿ ಕಾಪಾಡಿದೆ. ಸ್ಕೂಟರಿನ ವೇಗಕ್ಕೆ ಆ ಡಬ್ಬಿ ಸಾಲದು. ತಂದೆ ಹೆಲ್ಮೆಟ್ ಹಾಕಿಕೊಂಡು ಹಿಂದೆ ಕೂತ ಮಗನ ತಲೆಯನ್ನು ಬರಿದಾಗಿ ಬಿಡುವ ದೃಶ್ಯ ನಮ್ಮ ಶಾಲೆಗಳ ಮುಂದೆ ಪ್ರತಿ ಬೆಳಿಗ್ಗೆ ಕಾಣುತ್ತದೆ. ಮತ್ತೆ ಬೆಳೆಯದ ಅಂಗಾಂಶ ಇಬ್ಬರಲ್ಲೂ ಒಂದೇ.

ಗಿಡಗಳ ಕಥೆ

ಅಂಗಾಂಶ ಪ್ರಾಣಿಗಳ ಸೊತ್ತಲ್ಲ. ಗಿಡಗಳಲ್ಲಿ ಎರಡು ಮುಖ್ಯ ಗುಂಪು. ಬೇರಿನ ತುದಿ, ಕುಡಿಯ ತುದಿಗಳಲ್ಲಿ ಸದಾ ಇಬ್ಭಾಗವಾಗುತ್ತ ಗಿಡವನ್ನು ಬೆಳೆಸುವುದು ವರ್ಧನ ಅಂಗಾಂಶ. ಬೆಳೆದು ಒಂದು ಕೆಲಸಕ್ಕೆ ನಿಂತದ್ದು ಶಾಶ್ವತ ಅಂಗಾಂಶ. ನೀರನ್ನು ಮೇಲೇರಿಸುವ ಕ್ಸೈಲಂ, ಎಲೆಯಲ್ಲಿ ತಯಾರಾದ ಆಹಾರವನ್ನು ಎಲ್ಲೆಡೆ ಹಂಚುವ ಫ್ಲೋಯಂ ಈ ಎರಡನೆಯ ಗುಂಪಿಗೆ ಸೇರಿದವು. ತೆಂಗಿನ ನಾರು ಅಷ್ಟು ಗಟ್ಟಿ ಏಕೆಂದರೆ ಅದೂ ಗೋಡೆ ದಪ್ಪಗಾಗಿ ಸತ್ತ ಜೀವಕೋಶಗಳ ಶಾಶ್ವತ ಅಂಗಾಂಶವೇ.

ರೈತರಿಗೆ ಈ ಪಾಠ ಪುಸ್ತಕವಿಲ್ಲದೆಯೇ ಗೊತ್ತು. ಮರದ ಸುತ್ತ ತೊಗಟೆಯನ್ನು ಉಂಗುರದಂತೆ ಸುಲಿದರೆ ಮರ ಮೆಲ್ಲಗೆ ಒಣಗುತ್ತದೆ. ತೊಗಟೆಯ ಜೊತೆ ಫ್ಲೋಯಂ ಹೋಗಿ ಬೇರಿಗೆ ಆಹಾರ ನಿಂತದ್ದೇ ಕಾರಣ. ಮಾವಿಗೆ ಕಸಿ ಕಟ್ಟುವಾಗ ಎರಡೂ ಕಡ್ಡಿಗಳ ತೊಗಟೆಯಡಿಯ ಹಸಿ ಪದರ ಕೂಡುವಂತೆ ಕಟ್ಟುತ್ತಾರೆ. ಆ ಹಸಿ ಪದರ ಒಂದು ವರ್ಧನ ಅಂಗಾಂಶ. ತೆಂಗು, ಅಡಿಕೆಗಳ ಕಾಂಡದಲ್ಲಿ ಆ ಪದರ ಇಲ್ಲ. ಅದಕ್ಕೇ ಅವುಗಳಿಗೆ ಕಸಿ ಕಟ್ಟಲಾಗದು. ಬಾಳೆ ತೋಟದವರ ಬಾಯಲ್ಲಿ ‘ಟಿಶ್ಯೂ ಕಲ್ಚರ್’ ಎಂಬ ಮಾತು ಈಗ ಗೊಬ್ಬರದಷ್ಟೇ ಬಳಕೆಯದು. ಬಾಳೆಯ ಕಂದಿನ ತುದಿಯ ವರ್ಧನ ಅಂಗಾಂಶದ ಚೂರನ್ನು ಶುದ್ಧ ಬಾಟಲಿಯಲ್ಲಿ ಸಾಕಿ, ಒಂದೇ ಗುಣದ ನೂರಾರು ಸಸಿಗಳನ್ನು ಮಾಡುವ ವಿಧಾನ ಅದು.

ಮನೆಯಲ್ಲೇ ಮಾಡಿ ನೋಡಿ

ಮಾಂಸಾಹಾರಿಗಳ ಮನೆಯಲ್ಲಿ ಕೋಳಿಯ ಕಾಲಿನ ಮೂಳೆ ಸಿಕ್ಕರೆ ಚೆನ್ನಾಗಿ ತೊಳೆದು, ಗಾಜಿನ ಬಾಟಲಿಯಲ್ಲಿ ಮುಳುಗುವಷ್ಟು ವಿನೆಗರ್ ಹಾಕಿ ಮುಚ್ಚಿಡಿ. ಎರಡು ದಿನಕ್ಕೊಮ್ಮೆ ವಿನೆಗರ್ ಬದಲಾಯಿಸಿ. ವಾರದ ಹೊತ್ತಿಗೆ ಮೂಳೆ ರಬ್ಬರಿನಂತೆ ಬಾಗುತ್ತದೆ. ಆಮ್ಲದಲ್ಲಿ ಸುಣ್ಣದ ಅಂಶ ಕರಗಿ ಕೊಲಾಜೆನ್ ಮಾತ್ರ ಉಳಿದಿದೆ. ಇದಕ್ಕೆ ವಿರುದ್ಧವಾಗಿ, ಒಲೆಯ ಕೆಂಡದಲ್ಲಿ ಪೂರ್ತಿ ಸುಟ್ಟ ಮೂಳೆ ಕೈಯಲ್ಲಿ ಪುಡಿಯಾಗುತ್ತದೆ. ಅಲ್ಲಿ ಕೊಲಾಜೆನ್ ಸುಟ್ಟು ಸುಣ್ಣದ ಅಂಶ ಉಳಿದಿದೆ. ಎರಡೂ ಕೂಡಿದಾಗಲೇ ಮೂಳೆಗೆ ಬಲ. ಸಿಮೆಂಟು ಮತ್ತು ಕಬ್ಬಿಣದ ಸಲಾಕೆ ಸೇರಿ ತಾರಸಿ ನಿಲ್ಲುವ ಹಾಗೆ. ಸುಡುವ ಪ್ರಯೋಗವನ್ನು ಹಿರಿಯರೇ ಮಾಡಿ ತೋರಿಸಲಿ.

ಒಂದು ನೋಟದಲ್ಲಿ

ಹೊದಿಕೆ (ಅನುಲೇಪಕ): ಚರ್ಮದ ಮೇಲ್ಪದರ, ಕರುಳಿನ ಒಳಮೈ. ರಕ್ಷಣೆ, ಹೀರಿಕೆ, ಸ್ರವಿಕೆ. ಬೇಗ ಹೊಸದಾಗುತ್ತದೆ.

ಸಂಯೋಜಕ: ಮೂಳೆ, ಮೆಲ್ಲೆಲುಬು, ರಕ್ತ, ಕೊಬ್ಬು. ಆಸರೆ, ಜೋಡಣೆ, ಸಾಗಣೆ. ಮೂಳೆ ಕೂಡುತ್ತದೆ, ರಕ್ತ ತುಂಬಿಕೊಳ್ಳುತ್ತದೆ, ಮೆಲ್ಲೆಲುಬು ಕಷ್ಟ.

ಸ್ನಾಯು: ಅಸ್ಥಿಸ್ನಾಯು, ನಯಸ್ನಾಯು, ಹೃದಯಸ್ನಾಯು. ಚಲನೆ. ಹೃದಯಸ್ನಾಯು ಹೊಸದಾಗುವುದು ಅತಿ ಕಡಿಮೆ.

ನರ: ಮಿದುಳು, ಬೆನ್ನುಹುರಿ, ನರಗಳು. ಸಂದೇಶ, ನಿಯಂತ್ರಣ. ಕೈಕಾಲಿನ ನರಗಳು ನಿಧಾನವಾಗಿ ಬೆಳೆಯುತ್ತವೆ. ಮಿದುಳಿನ ನಷ್ಟ ತುಂಬುವುದಿಲ್ಲ.

ಕೊಡಬಹುದಾದ ಅಂಗಾಂಶ

ದೇಹ ತಾನೇ ತುಂಬಿಕೊಳ್ಳಲಾರದ ಕೆಲವನ್ನು ಇನ್ನೊಬ್ಬರು ತುಂಬಿಕೊಡಬಹುದು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ ಅಂಥದು. ಅರ್ಧ ಮಿಲಿಮೀಟರಿನಷ್ಟು ದಪ್ಪವಿರುವ ಅದರಲ್ಲಿ ಮುಂದೆ ಹೊದಿಕೆ, ನಡುವೆ ಅಚ್ಚುಕಟ್ಟಾಗಿ ಜೋಡಿಸಿದ ಕೊಲಾಜೆನ್ ಎಳೆಗಳು, ಹಿಂದೆ ಒಂದೇ ಸಾಲಿನ ಜೀವಕೋಶಗಳ ಪದರ. ರಕ್ತನಾಳಗಳಿಲ್ಲ. ಆದ್ದರಿಂದಲೇ ಅದು ಗಾಜಿನಂತೆ ತಿಳಿ. ಒಬ್ಬರದು ಇನ್ನೊಬ್ಬರಿಗೆ ಹೊಂದುವುದೂ ಇದರಿಂದ ಸುಲಭ. ಹಿಂಬದಿಯ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಪಟಲ ಮಬ್ಬಾಗಿ ಕಣ್ಣು ಕುರುಡಾಗುತ್ತದೆ.

2006ರಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅಗಲಿದಾಗ ಕುಟುಂಬದವರು ಅದೇ ದಾರಿ ಹಿಡಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಆ ಎರಡು ಕಣ್ಣುಗಳ ಪಟಲವನ್ನು ಮುಂದಿನ ಪದರ, ಹಿಂದಿನ ಪದರ ಎಂದು ಬೇರ್ಪಡಿಸಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಯಾರಿಗೆ ಯಾವ ಪದರ ಕೆಟ್ಟಿತ್ತೋ ಅವರಿಗೆ ಅದೇ ಪದರ. ರೋಗ ಬರುವುದು ಅಂಗಕ್ಕಲ್ಲ, ಅಂಗಾಂಶಕ್ಕೆ ಎಂದ ಬಿಷಾನ ಮಾತು ಇನ್ನೂರು ವರ್ಷಗಳ ನಂತರ ಬೆಂಗಳೂರಿನಲ್ಲಿ ಹೀಗೆ ನಾಲ್ಕು ಕಣ್ಣುಗಳನ್ನು ತೆರೆಯಿತು.

ಕಣ್ಣಿನಂತೆ ಚರ್ಮವನ್ನೂ ಮರಣಾನಂತರ ಕೊಡಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಅದಕ್ಕಾಗಿ ಚರ್ಮ ಬ್ಯಾಂಕ್ ಇದೆ. ದಾನದ ಚರ್ಮ ಶಾಶ್ವತವಾಗಿ ಅಂಟಿಕೊಳ್ಳದಿದ್ದರೂ, ತೀವ್ರವಾಗಿ ಸುಟ್ಟವರಿಗೆ ಸೋಂಕು ತಗುಲದಂತೆ, ದೇಹದ ನೀರು ಆರದಂತೆ ಕೆಲವು ವಾರ ಹೊದಿಕೆಯಾಗಿ ನಿಂತು ಜೀವ ಉಳಿಸುತ್ತದೆ. 18 ತುಂಬಿದ ಆರೋಗ್ಯವಂತರು ಬದುಕಿರುವಾಗಲೇ ರಕ್ತ ಕೊಡಬಹುದು.

ಕಣ್ಣುಗಳನ್ನು ಸಾವಿನ ನಂತರ ಆರು ಗಂಟೆಗಳೊಳಗೆ ತೆಗೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ತಲೆಯಡಿಗೆ ದಿಂಬು ಕೊಟ್ಟು, ಫ್ಯಾನ್ ಆರಿಸಿರಬೇಕು. ಕನ್ನಡಕ ಹಾಕುತ್ತಿದ್ದವರೂ, ಸಕ್ಕರೆ ಕಾಯಿಲೆ ಇದ್ದವರೂ, ಕಣ್ಣಿನ ಪೊರೆ ತೆಗೆಸಿಕೊಂಡವರೂ ಸಾಮಾನ್ಯವಾಗಿ ಕೊಡಬಹುದು. ಆದರೆ ಸಾವಿನ ಮನೆಯಲ್ಲಿ ಇದನ್ನು ನೆನಪಿಸುವವರು ಯಾರು? ಮೊದಲೇ ಮಾತಾಡಿಕೊಂಡಿದ್ದರೆ ಮಾತ್ರ ಅದು ಸಾಧ್ಯ. ಈ ವಾರ ಮಕ್ಕಳು ಅಂಗಾಂಶದ ಪಾಠ ಓದುತ್ತಿದ್ದರೆ, ಊಟಕ್ಕೆ ಕೂತಾಗ ಈ ಮಾತನ್ನು ಅವರೇ ಶುರುಮಾಡಲಿ.